ಗಾಜಿನ ಕೋಣೆ ಮತ್ತು ಒಂದು ಬೀಡಿ

ಇಡಗುಂದಿಯ ಮಡಿವಾಳಪ್ಪನ ಟೋಪಿಯ ಮಡಿಕೆಯಲ್ಲಿ ಒಂದೇ ಒಂದು ಬೀಡಿ ಇತ್ತು. ಆ ದಿನದ ಪಡಿಪಾಟಲಿಗೆಲ್ಲ ಅದೇ ಮೂಲ.

ಊರಿಗೆ ಊರೇ ಬೀಡಿ ಬಿಟ್ಟದ್ದಕ್ಕೆ ದಿಲ್ಲಿಯಲ್ಲಿ ಪ್ರಶಸ್ತಿ ಕೊಡುವವರಿದ್ದರು. ಗಂಡಸರ ಬಾಯಿ ಮೂಸಿ ಮೂಸಿ ಬಿಡಿಸಿದವಳು ಮಹಿಳಾ ಸಂಘದ ಪಾರ್ವತವ್ವ. ವೇದಿಕೆ ಹತ್ತಬೇಕಾದವನು ಎಲ್ಲರಿಗಿಂತ ಮೊದಲು ಬಿಟ್ಟನೆಂದು ಹೆಸರಾಗಿದ್ದ ಮಡಿವಾಳಪ್ಪ. ಜೊತೆಗೆ ಆಶಾ ಕಾರ್ಯಕರ್ತೆ ಭೂಮಿಕಾ. ಮೂವರೂ ಹುಬ್ಬಳ್ಳಿಯಿಂದ ಹಾರಿ, ಬೆಂಗಳೂರಿನಲ್ಲಿ ಇಳಿದು, ದಿಲ್ಲಿಯ ವಿಮಾನಕ್ಕೆ ಕಾಯುತ್ತಿದ್ದರು.

ನಿಲ್ದಾಣ ನೋಡಿ ಮಡಿವಾಳಪ್ಪ ತೆರೆದ ಬಾಯಿ ಮುಚ್ಚಲಿಲ್ಲ. ಛಾವಣಿ ನೋಡಹೋದರೆ ಮಾಗೋಡು ಜಲಪಾತವನ್ನು ಬುಡದಿಂದ ನೋಡಿದಂತೆ ಕತ್ತು ನೋಯುತ್ತಿತ್ತು. ನೆಲದ ಹೊಳಪಿಗೆ ಹೆದರಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ. ಜನ ಸುಮ್ಮನೆ ನಿಂತಿದ್ದರು, ಮೆಟ್ಟಿಲುಗಳೇ ನಡೆಯುತ್ತಿದ್ದವು.

"ಮನಶ್ಯಾ ಏನೇನ್ ಮಾಡ್ಯಾನಲ್ಲ," ಎಂದು ಕೈ ಮುಗಿದ. ಇಷ್ಟೆಲ್ಲ ಮಾಡಿದವನು ಬೀಡಿ ಸೇದಲು ಒಂದು ಮೂಲೆ ಮಾಡಿರಲಿಕ್ಕಿಲ್ಲವೇ? ಮೆಲ್ಲಗೆ ಎದ್ದ.

"ಎಲ್ಲಿಗ್ ಹೊಂಟಿ?" ಎಂದಳು ಪಾರ್ವತವ್ವ.

"ಬಯಲಕಡಿಗಿ."

ಶೌಚಾಲಯದಲ್ಲಿ ಕೈ ಒಡ್ಡಿದರೆ ನೀರು ಬರುತ್ತಿತ್ತು, ಹಿಂದೆ ತೆಗೆದರೆ ನಿಲ್ಲುತ್ತಿತ್ತು. ಬೆರಗಾಗಿ ಮೊಣಕೈವರೆಗೆ ತೊಳೆದುಕೊಂಡ. ಬೀಡಿ ತೆಗೆದಾಗ ನೆನಪಾಯಿತು, ಬೆಂಕಿಪೊಟ್ಟಣವನ್ನು ಹುಬ್ಬಳ್ಳಿಯ ತಪಾಸಣೆಯಲ್ಲೇ ಕಸಿದುಕೊಂಡಿದ್ದರು. ಮರಳಿ ಬಂದು ಕೂತವನು, ಸೇದುವವರು ಯಾರಾದರೂ ಸಿಕ್ಕಿ ಬೆಂಕಿ ಕೊಟ್ಟಾರೆಂದು ಇನ್ನೊಮ್ಮೆ ಎದ್ದು ಹೂಕುಂಡಗಳ ಮರೆಗೆ ಹೋದರೆ ಕಾವಲಿನವನು ಬಂದೂಕು ಹಿಡಿದು ನಿಂತಿದ್ದ. ಮತ್ತೊಮ್ಮೆ ಏಳುವಷ್ಟರಲ್ಲಿ ಭೂಮಿಕಾ ಅವನ ತೋಳು ಹಿಡಿದಳು.

"ಕಾಕಾ, ನಿಮಗ ಹೊಟ್ಟಿ ಝಾಡಿಸಾಕತ್ತೈತಿ. ಮುಚ್ಚಿಡಬ್ಯಾಡ್ರಿ."

ಓಆರ್‌ಎಸ್ ಕಲಸಿ ಕುಡಿಸಿದಳು. ಪಾರ್ವತವ್ವ ಅಜವಾನ ಜಗಿಸಿದಳು. ಆಚೆ ಕುರ್ಚಿಯ ಗುರುತಿಲ್ಲದ ಹೆಂಗಸೊಬ್ಬಳು ಲಿಂಬೆ ಉಪ್ಪಿನಕಾಯಿ ನೆಕ್ಕಿಸಿದಳು. ಸಾಲದೆಂದು ಅವನನ್ನು ಶೌಚಾಲಯಕ್ಕೆ ಒಯ್ಯಲು ನಿಲ್ದಾಣದ ಗಾಲಿಕುರ್ಚಿಯೂ ಬಂತು.

ತಳ್ಳುವವನು ಶಿರಸಿಯ ಜಾವೇದ್. ಒಂದು ತಿರುವು ದಾಟಿದ್ದೇ ಮಡಿವಾಳಪ್ಪ ಟೋಪಿ ತೆಗೆದು ಬೀಡಿ ತೋರಿಸಿದ. "ತಮ್ಮಾ, ನನ್ ಬ್ಯಾನಿ ಇದು."

ಜಾವೇದ್ ನಕ್ಕ. "ಇದಕ್ಕೂ ಇಲ್ಲಿ ಒಂದು ಕೋಣೆ ಉಂಟು." ಕುರ್ಚಿ ತಿರುಗಿತು.

ಅದು ಗಾಜಿನ ಕೋಣೆ. ಒಳಗೆ ಕೋಟು ತೊಟ್ಟವರು, ಒಬ್ಬ ಸರದಾರ್ಜಿ, ಇಬ್ಬರು ಬಿಳಿಯರು, ಎಲ್ಲರೂ ಮಂಗಳಾರತಿಗೆ ನಿಂತವರಂತೆ ಮೌನವಾಗಿ ಹೊಗೆ ಬಿಡುತ್ತಿದ್ದರು. ಗೋಡೆಯ ಗುಂಡಿ ಒತ್ತಿದರೆ ಸಣ್ಣ ತೂತಿನಲ್ಲಿ ಕೆಂಡ ಹೊಳೆಯುತ್ತಿತ್ತು. ಮೇಲಿನ ಯಂತ್ರ ಹೊಗೆಯನ್ನೆಲ್ಲ ಹೀರುತ್ತಿತ್ತು. ಬೀಡಿಗೂ ಇಷ್ಟು ಮರ್ಯಾದೆಯೇ ಎಂದು ಮಡಿವಾಳಪ್ಪನ ಕಣ್ಣು ತುಂಬಿ ಬಂತು. ಬೀಡಿ ಹೊತ್ತಿಸಿ ತುಟಿಗಿಟ್ಟ. ಇನ್ನೂ ಎಳೆದಿರಲಿಲ್ಲ, ಬಾಗಿಲು ತೆರೆಯಿತು.

ಪಾರ್ವತವ್ವ.

"ಎಷ್ಟೊತ್ತಿಂದ ಹುಡಕಾಕತ್ತೀನಿ," ಎಂದಳು.

"ತಪ್ಪಾತಕ್ಕ. ಇದೊಂದ..."

"ನಿನ್ನಲ್ಲೋ. ಈ ಕೋಣಿನ."

ಅವನ ತುಟಿಯಿಂದ ಬೀಡಿ ಕಿತ್ತು, ಗೋಡೆಗೊರಗಿ, ಕಣ್ಣು ಮುಚ್ಚಿ ಎಳೆದಳು. ಹೊಗೆ ಮೂಗಿನ ಎರಡೂ ಹೊಳ್ಳೆಗಳಿಂದ ಸುರುಳಿಯಾಗಿ ಇಳಿಯಿತು. ಸರದಾರ್ಜಿ ಗೌರವದಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಆ ದಿನ ಕಂಡ ಅದ್ಭುತಗಳಲ್ಲೆಲ್ಲ ಇದೇ ದೊಡ್ಡದೆಂದು ಮಡಿವಾಳಪ್ಪನಿಗೆ ಅನಿಸಿತು.

"ಒಂದ್ ಜುರಕಿ ಉಳಸಕ್ಕ," ಎಂದ.

"ನಿನಗ್ಯಾಕ? ನೀ ಬಿಟ್ಟಾಂವ." ಬೆರಳು ಸುಡುವವರೆಗೂ ಸೇದಿ, ಬಾಯಿಗೆ ಎರಡು ಯಾಲಕ್ಕಿ ಹಾಕಿಕೊಂಡಳು.

ಜಾವೇದ್ ಛಾವಣಿ ನೋಡುತ್ತ ಕುರ್ಚಿಯನ್ನು ವಾಪಸ್ಸು ತಳ್ಳಿದ. ಭೂಮಿಕಾ ಎದುರು ಬಂದವಳೇ ಮೂಗು ಮುರಿದಳು. "ಕಾಕಾ, ಅಂಗಿ ಬೀಡಿ ನಾರತೈತಿ."

ಮಡಿವಾಳಪ್ಪ ದೈನ್ಯದಿಂದ ಪಾರ್ವತವ್ವನ ಮುಖ ನೋಡಿದ. ಆಕೆ ನಿಟ್ಟುಸಿರಿಟ್ಟಳು. "ಏನ್ ಹೇಳ್ಲಿ. ಬಾಯಾಗ ಇಟ್ಕೊಂಡಿದ್ದ. ನಾನ ಒಳಗ ಹೋಗಿ ಕಸಗೊಂಡೆ."

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

"ಹಂಗಾರ ಪ್ರಶಸ್ತಿ ನೀವ ಹಿಡೀರಿ," ಎಂದಳು ಭೂಮಿಕಾ.

"ನನಗ್ಯಾಕವ್ವ ಅದೆಲ್ಲ," ಎನ್ನುತ್ತ ಪಾರ್ವತವ್ವ ಸೆರಗು ಸರಿಮಾಡಿಕೊಂಡಳು.