ಕೈಚೀಲದೊಳಗಿನ ಸಂದರ್ಶನ

ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದವನು ಮಾಡಬಾರದ ತಪ್ಪು ಒಂದೇ: ಹಾಕಿದ್ದೇನೆಂದು ಊರಿಗೆ ಹೇಳುವುದು. ಆರ್ಚಿ ಪೆಂಗೆಲ್ಲಿ ಹೇಳಿದ್ದಷ್ಟೇ ಅಲ್ಲ, ಊರಿನ ಕೈಯಲ್ಲಿ ಸಹಿ ಬೇರೆ ಹಾಕಿಸಿಕೊಂಡಿದ್ದ. ಹಳ್ಳಿಗಾಡಿನವರಿಗೆಂದು ಕಾಲೇಜು ಕೆಲವು ಸೀಟು ಮೀಸಲಿಟ್ಟಿತ್ತು. ಅದಕ್ಕೆ ತಾನು ಟಲ್ಲಾಬರಿಯಲ್ಲೇ ಬೆಳೆದವನೆಂಬ ಪ್ರಮಾಣಪತ್ರ ಬೇಕು. ಅಂಥದ್ದಕ್ಕೆ ಸಹಿ ಮಾಡುವ ಅಧಿಕಾರ ಊರಲ್ಲಿ ಇದ್ದದ್ದು ಪಕ್ಕದ ಮನೆಯ ಡಾಟ್ ಆಂಟಿಗೆ ಮಾತ್ರ. ನಲವತ್ತು ವರ್ಷ ಅಂಚೆ ಕಚೇರಿ ನಡೆಸಿ ನಿವೃತ್ತಳಾದ ಹೆಂಗಸು. ಶಾಯಿ ಆರುವ ಮೊದಲೇ ಊರೆಲ್ಲ ಡಂಗುರವಾಯಿತು.

ಟಲ್ಲಾಬರಿಗೆ ಡಾಕ್ಟರಿಲ್ಲ. ತೊಂಬತ್ತು ಕಿಲೋಮೀಟರ್ ಆಚೆಯಿಂದ ಒಬ್ಬರು ಹದಿನೈದು ದಿನಕ್ಕೊಮ್ಮೆ ಗುರುವಾರ ಬಂದು ಹೋಗುತ್ತಾರೆ. ಕಾಯಿಲೆಗಳು ಅಲ್ಲಿಯವರೆಗೆ ತಾಳಿಕೊಂಡಿರಬೇಕು. ಹೀಗಾಗಿ ಆರ್ಚಿ ಊರ ಆಸ್ತಿಯಾದ. ಬ್ರೆಡ್ ತರಲು ಹೋದರೂ "ಬಂತೇನೋ ಕರೆ?" ಎಂಬ ಪ್ರಶ್ನೆ. ಪಾಪ, ಅವನಿಗೂ ನಿಜಕ್ಕೂ ಡಾಕ್ಟರಾಗುವ ಆಸೆ. ವಯಸ್ಸು ಇಪ್ಪತ್ತೇಳು, ಇದು ಮೂರನೆಯ ಯತ್ನ. ಹಿಂದಿನ ಎರಡು ಸಲ ಸಂದರ್ಶನಕ್ಕೂ ಕರೆದಿರಲಿಲ್ಲ. ಪ್ರವೇಶ ಪರೀಕ್ಷೆಯ ಅಂಕಗಳ ಆಯುಸ್ಸು ಈ ವರ್ಷಕ್ಕೆ ಮುಗಿಯುತ್ತಿತ್ತು. ಈ ಸಲ ಕರೆ ಬರದಿದ್ದರೆ ಔಷಧಿ ಅಂಗಡಿಯ ಗಲ್ಲಾದ ಹಿಂದೆಯೇ ಜನ್ಮ ಸವೆಯಬೇಕು.

ಸಂದರ್ಶನದ ಕರೆಗಳು ಇ-ಮೇಲ್‌ನಲ್ಲಿ ಹೊರಡುವ ದಿನ ಸೆಪ್ಟೆಂಬರಿನ ಒಂದು ಶುಕ್ರವಾರ. ಕಾಯುವವರೆಲ್ಲ ಸೇರಿ ಕಟ್ಟಿಕೊಂಡ ಗುಂಪೊಂದು ಫೋನಿನಲ್ಲಿತ್ತು. ಅಲ್ಲಿ ಬೆಳಗಿನಿಂದಲೇ ಶಕುನ ಶಾಸ್ತ್ರ. ಕಾಲೇಜಿನ ಪುಟ ತೆರೆಯುವುದು ನಿಧಾನವಾದರೆ ಶುಭ ಅಂತ ಒಬ್ಬ, ಬೇಗ ತೆರೆದರೆ ಶುಭ ಅಂತ ಇನ್ನೊಬ್ಬಳು. ಆರ್ಚಿ ಇಬ್ಬರನ್ನೂ ನಂಬಿದ. ಫೋನಿನಲ್ಲಿ ಮುಖ ಹುದುಗಿಸಿ ನಡೆಯುತ್ತಿದ್ದವನ ತಲೆಗೆ, ಮರದಲ್ಲಿ ಗೂಡು ಕಾಯುತ್ತಿದ್ದ ಮ್ಯಾಗ್‌ಪೈ ಹಕ್ಕಿ ರಪ್ಪನೆ ಎರಗಿ ಕುಕ್ಕಿತು. ಸೆಪ್ಟೆಂಬರೆಂದರೆ ಅಲ್ಲಿ ವಸಂತ, ಹಕ್ಕಿಗಳು ಮರಿ ಮಾಡುವ ಕಾಲ; ಆಗ ಆ ಮರದ ಕೆಳಗೆ ಊರಿನ ನಾಯಿಗಳೂ ಹೋಗುವುದಿಲ್ಲ.

ಅಂಗಡಿಯಲ್ಲಿ ಅವನ ಜೊತೆ ಕೆಲಸ ಮಾಡುವ ಟ್ಯಾಮ್ಸಿನ್ ಮೌನಿ. ಅವನ ನೆತ್ತಿಗೆ ಹತ್ತಿ ಒತ್ತಿ ಪಟ್ಟಿ ಅಂಟಿಸಿದಳು.

ಹತ್ತೂವರೆಗೆ ಕಸಾಯಿ ಮರ್ವ್ ಕೆಮ್ಮುತ್ತ ಬಂದ. ಆರ್ಚಿ ಒಂದು ಕಣ್ಣು ಫೋನಿನ ಮೇಲಿಟ್ಟೇ ಪೊಟ್ಟಣ ಕಟ್ಟಿಕೊಟ್ಟ. ಮರ್ವ್ ಬಿಚ್ಚಿ ನೋಡಿದರೆ ಕೂದಲಿಗೆ ಹಚ್ಚುವ ಕಪ್ಪು ಬಣ್ಣ. ಮರ್ವ್‌ನ ತಲೆಯೋ, ಹುಡುಕಿದರೂ ಒಂದು ಎಳೆ ಸಿಗದು.

"ಇದನ್ನ ಎಲ್ಲಿಗೆ ಹಚ್ಚಲಿ ಮಾರಾಯ, ಗಂಟಲಿಗಾ?"

"ಕ್ಷಮಿಸು ಮರ್ವ್, ಆ ಮೇಲ್..."

"ಎಲ್ಲಾ ಆ ಫೋನಿನ ಕಾಟ!" ಸಾಲಿನಲ್ಲಿ ಹಿಂದಿದ್ದ ಡಾಟ್ ಆಂಟಿ ಮುಂದೆ ನುಗ್ಗಿದಳು. "ಕೊಡಿಲ್ಲಿ ಅದನ್ನ. ನೋಡು, ಕೈ ಹೆಂಗೆ ನಡುಗ್ತಿದೆ! ಮುಂದಿನ ಶನಿವಾರ ನಮ್ಮ ಬೌಲ್ಸ್ ಫೈನಲ್ಲು, ನೀನೇ ಆಡ್ಬೇಕು. ಈ ಕೈಲಿ ಚೆಂಡು ಉರುಳಿಸಿದ್ರೆ ಅದು ಪಕ್ಕದೂರಿಗೆ ಹೋಗುತ್ತೆ."

"ಆಂಟೀ, ಮೇಲ್ ಬಂದ್ರೆ?"

"ಬಂದ್ರೆ ನಾನಿಲ್ವಾ? ನಲವತ್ತು ವರ್ಷ ಈ ಊರಿನ ಕಾಗದ ನೋಡ್ಕೊಂಡೋಳು. ಒಂದಾದ್ರೂ ಕಳೆದಿದ್ದೀನಾ?"

ಮರ್ವ್ ಹೌದೆಂದ, ಸಾಲಿನವರೂ ಹೌದೆಂದರು. ಫೋನು ಡಾಟ್ ಆಂಟಿಯ ಕೈಚೀಲದೊಳಗೆ ಹೋಯಿತು. ಫೋನು ತೆರೆಯುವ ಗುಟ್ಟಿನ ಅಂಕೆ ಆರ್ಚಿಯ ಹುಟ್ಟಿದ ದಿನ. ಅವನು ಹುಟ್ಟಿದಾಗ ಮೊದಲ ಟೋಪಿ ಹೆಣೆದವಳು ಆಕೆಯೇ.

ಆ ದಿನದ ಮಧ್ಯಾಹ್ನ ಮುಗಿಯಲೇ ಇಲ್ಲ. ಆರ್ಚಿ ಖಾಲಿ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡ. ಊಟಕ್ಕೆ ತಂದ ಪೈ ಮುಚ್ಚಿದ ಡಬ್ಬಿಯಲ್ಲೇ ತಣ್ಣಗಾಯಿತು. ನಾಲ್ಕರ ಸುಮಾರಿಗೆ ಟ್ಯಾಮ್ಸಿನ್ ಹಿಂದಿನ ಕೋಣೆಗೆ ಹೋಗಿ ಕಾಲು ಗಂಟೆ ಬರಲಿಲ್ಲ. ಅದನ್ನೂ ಅವನು ಗಮನಿಸಲಿಲ್ಲ.

ಐದೂವರೆಗೆ ಬಾಗಿಲು ಎಳೆದು ಇಬ್ಬರೂ ಬೌಲ್ಸ್ ಕ್ಲಬ್ಬಿಗೆ ಹೋದರು. ಶುಕ್ರವಾರ ಸಂಜೆ ಮಾಂಸವನ್ನೇ ಬಹುಮಾನವಾಗಿಡುವ ಲಾಟರಿಗೆ ಊರಿಗೂರೇ ಅಲ್ಲಿ ಸೇರುತ್ತದೆ. ಡಾಟ್ ಆಂಟಿ ದೂರದಿಂದಲೇ ಎರಡೂ ಕೈ ಎತ್ತಿದಳು.

"ಬಂತು ಕಣೋ ಮಗಾ! ಎರಡು ಗಂಟೆಗೇ ಬಂತು! ಸಂದರ್ಶನಕ್ಕೆ ಕರೆದಿದ್ದಾರೆ!"

ಆರ್ಚಿ ಆಕೆಯನ್ನು ಎತ್ತಿ ಎರಡು ಸುತ್ತು ತಿರುಗಿಸಿಬಿಟ್ಟ. ಮೂರು ವರ್ಷದ ಭಾರ ಇಳಿದು ಕಣ್ಣಲ್ಲಿ ನೀರು ಬಂತು. ಊರು ಚಪ್ಪಾಳೆ ತಟ್ಟಿತು.

"ಇಳಿಸೋ, ಸೊಂಟ ಹಿಡ್ಕೊಳುತ್ತೆ. ಉತ್ತರಾನೂ ನಾನೇ ಬರೆದೆ."

ಆರ್ಚಿ ಇಳಿಸಿದ. "ಏನಂತ ಬರೆದ್ರಿ?"

"ಇನ್ನೇನಂತ? ಮುಂದಿನ ಶನಿವಾರ ಹತ್ತು ಗಂಟೆಗೆ ಬಾ ಅಂದ್ರು. ಆವತ್ತು ಫೈನಲ್ಲು, ಹುಡುಗ ಬರಕ್ಕಾಗಲ್ಲ, ದಯವಿಟ್ಟು ಬುಧವಾರಕ್ಕೆ ಹಾಕಿ ಅಂದೆ. ಎಷ್ಟು ಮರ್ಯಾದಸ್ಥರು ಗೊತ್ತಾ, ಹತ್ತೇ ನಿಮಿಷಕ್ಕೆ ಉತ್ತರ ಬಂತು. ಶುರುವಿಗೇ ಧನ್ಯವಾದ ಹೇಳಿದ್ದಾರೆ, ಅಷ್ಟರಲ್ಲಿ ಕನ್ನಡಕ ತೆಗೆದಿಟ್ಟಿದ್ದೆ, ಆಮೇಲಿಂದು ಓದಕ್ಕಾಗ್ಲಿಲ್ಲ."

ಆರ್ಚಿ ಫೋನು ಕಿತ್ತುಕೊಂಡು ಗಟ್ಟಿಯಾಗಿ ಓದಿದ. ಬರಲಾಗುವುದಿಲ್ಲವೆಂದು ತಿಳಿಸಿದ್ದಕ್ಕೆ ಧನ್ಯವಾದಗಳು. ಬೇರೆ ದಿನ ಕೊಡುವ ಪದ್ಧತಿಯಿಲ್ಲ. ತಮ್ಮ ಸ್ಥಾನವನ್ನು ಕಾಯುವ ಪಟ್ಟಿಯ ಮುಂದಿನವರಿಗೆ ನೀಡಲಾಗುವುದು.

ಕಾಲೇಜಿಗೆ ಫೋನು ಹಚ್ಚಿದ. ಕಚೇರಿ ಐದಕ್ಕೇ ಮುಚ್ಚಿತ್ತು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಯಂತ್ರವೊಂದು ಹೇಳಿತು. ಅವನು ಕುಕ್ಕರಿಸಿದ.

ಟ್ಯಾಮ್ಸಿನ್‌ಳ ಮುಖ ಬಿಳಿಚಿತು. "ಮುಂದಿನ ಶನಿವಾರ ಹತ್ತು ಗಂಟೇನಾ?" ಎಂದಳು ಮೆಲ್ಲಗೆ. "ಆರ್ಚಿ... ಆ ಮುಂದಿನವರು ನಾನೇ. ನಾಲ್ಕು ಗಂಟೆಗೆ ಬಂತು. ನಿಂದು ಅಂತ ದೇವರಾಣೆ ಗೊತ್ತಿರ್ಲಿಲ್ಲ. ಬರ್ತೀನಿ ಅಂತ ಬರೆದುಬಿಟ್ಟೆ."

"ನೀನೂ ಅರ್ಜಿ ಹಾಕಿದ್ಯಾ?" ಡಾಟ್ ಆಂಟಿಗೆ ಸಿಡಿಲು ಬಡಿದಂತಾಯಿತು. "ನನಗೆ ಗೊತ್ತಾಗದ ಹಾಗೆ? ಸಹಿ ಯಾರ ಹತ್ರ ಹಾಕಿಸ್ದೆ?"

"ತೊಂಬತ್ತು ಕಿಲೋಮೀಟರ್ ಆಚೆ ಹೋಗಿ ಹಾಕಿಸ್ಕೊಂಡು ಬಂದೆ."

ಊರಿಗೆ ಬೇಕಾಗಿದ್ದದ್ದು ಒಬ್ಬ ಡಾಕ್ಟರು; ಅದು ಆರ್ಚಿಯೇ ಆಗಬೇಕೆಂದು ಯಾರೂ ಹರಕೆ ಹೊತ್ತಿರಲಿಲ್ಲ. ಮರ್ವ್ ಮೈಕು ಹಿಡಿದು ಕೆಮ್ಮುತ್ತಲೇ ಸುದ್ದಿ ಸಾರಿದ. ಲಾಟರಿಗಿಟ್ಟ ಕುರಿತೊಡೆಯನ್ನು ಟ್ಯಾಮ್ಸಿನ್‌ಳ ಕೈಗಿತ್ತ. ಆರ್ಚಿಗೆ ತೊಡೆ ಇಡಲು ಚೀಲ ಹುಡುಕಿ ತರುವ ಕೆಲಸ ಸಿಕ್ಕಿತು.

ತಂದ. ಕೊಡುವಾಗ ಟ್ಯಾಮ್ಸಿನ್ ಅವನ ತೋಳು ಹಿಡಿದಳು. "ಕೇಳಕ್ಕೇ ನಾಚಿಕೆ ಆಗುತ್ತೆ ಆರ್ಚಿ. ಆ ಶನಿವಾರ ಅಂಗಡೀಲಿ ನನ್ನ ಪಾಳಿ. ನೀನೊಬ್ನೇ ಇರೋದು. ನನ್ನ ಬದಲು ನಿಂತ್ಕೋತೀಯಾ?"

ಆರ್ಚಿ ಅವಳ ಮುಖ ನೋಡಿದ. ಅವಳ ತಪ್ಪೇನಿರಲಿಲ್ಲ. "ಹೂಂ, ಹೋಗ್ಬಾ" ಎಂದ.

ಡಾಟ್ ಆಂಟಿ ಎದೆ ಹಿಡಿದುಕೊಂಡಳು. "ಅಯ್ಯೋ! ಶನಿವಾರ ನೀನು ಅಂಗಡೀಲಿ ನಿಂತ್ರೆ ಫೈನಲ್ ಆಡೋರ್ಯಾರೋ?" ಎಂದವಳೇ ಅವನತ್ತ ಕೈ ಚಾಚಿದಳು. "ಕೊಡಿಲ್ಲಿ ಫೋನು. ಫೈನಲ್ಲನ್ನ ಬುಧವಾರಕ್ಕೆ ಹಾಕಿ ಅಂತ ಆಟ ನಡೆಸೋರಿಗೂ ಒಂದು ಬರೀತೀನಿ."