ಹದಿನೇಳನೇ ನಂಬರು ಸೈಟಿನ ಯಜಮಾನರು

ಕೊಂಡ ಸೈಟನ್ನು ಖಾಲಿ ಬಿಡುವುದು ಸಮಾಜಕ್ಕೆ ಎಸಗುವ ಅಪಚಾರವೆಂದು ಹೊಸದುರ್ಗದ ನವೋದಯ ಬಡಾವಣಾ ಸಮಿತಿಯು ೧೯೭೬ರಲ್ಲಿ ಒಮ್ಮತದಿಂದ ತೀರ್ಮಾನಿಸಿತು. ನಿಯಮ ಹನ್ನೊಂದರ ಪ್ರಕಾರ, ಯುಗಾದಿಯೊಳಗೆ ವಾಸವಿಲ್ಲದ ಸೈಟು ಸಮಿತಿಗೆ ವಾಪಸು. ವಾಪಸು ಬಂದ ಸೈಟುಗಳು ಸದಸ್ಯರ ಬಾಮೈದರಿಗೆ ಹೋಗುತ್ತಿದ್ದವು. ಬಾಮೈದರು ಖಾಲಿ ಬಿಟ್ಟರೆ ಅಪಚಾರವಾಗುತ್ತಿರಲಿಲ್ಲ.

ಅಂಥದೊಂದು ನೋಟೀಸು ಮಾಡದಕೆರೆಯ ಕೆಂಚಕ್ಕನ ಕೈಗೂ ಬಂತು. ಹನ್ನೆರಡು ವರ್ಷ ಕುರಿ ಕಾಯ್ದು ಕೊಂಡ ಹದಿನೇಳನೇ ನಂಬರಿನ ಸೈಟು ಅದು. ತನ್ನದೇ ಹೊಸ್ತಿಲು, ತನ್ನದೇ ಒಲೆ ಎಂಬ ಒಂದೇ ಆಸೆ ಅವಳಿಗೆ. ಇಟ್ಟಿಗೆಗೆ ಗತಿಯಿರಲಿಲ್ಲ, ಯುಗಾದಿಗೆ ಎಂಟೇ ದಿನವಿತ್ತು. ತಲೆ ಮೇಲೆ ಕೈ ಹೊತ್ತು ಕೂರುವ ಹೆಂಗಸೇ ಅವಳು? ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆಯನ್ನು ತರುಬಿ ಕೂಡಿಹಾಕುವ ಹಾಗೆ ಸೈಟಿನಲ್ಲೇ ಕುರಿ ತರುಬಿದಳು. ಸುತ್ತ ಮುಳ್ಳುಬೇಲಿ, ಬಾಗಿಲಿಗೆ ತಡಿಕೆ, ಮೇಲೊಂದು ಕಂಬಳಿ.

ವಾಸ ಪರಿಶೀಲನಾಧಿಕಾರಿ ಗೋವಿಂದಪ್ಪನವರು ಬಂದರು.

"ಮನೆ ಎಲ್ಲಮ್ಮ?"

"ಇದೇ ಸಾಮಿ. ಬರ್ರಿ, ಕುಂತ್ಕಳ್ರಿ. ಗೋಡೆ ಐತೆ, ಬಾಗ್ಲು ಐತೆ, ಸೂರೂ ಐತೆ."

ಗೋವಿಂದಪ್ಪನವರು ನಿಯಮಗಳ ಪುಸ್ತಕ ತಿರುವಿದರು. ವಾಸಿಗಳಿಗೆ ಎಷ್ಟು ಕಾಲಿರಬೇಕೆಂದು ಎಲ್ಲೂ ಬರೆದಿರಲಿಲ್ಲ.

"ಎಷ್ಟು ಜನ?"

"ನಲವತ್ತೊಂದು. ಮರಿ ಬಿಟ್ಟು."

"ಯಜಮಾನರು?"

ಕೆಂಚಕ್ಕ ಕೊಂಬಿನ ಟಗರನ್ನು ತೋರಿಸಿದಳು.

"ಉದ್ಯೋಗ?"

"ಉಣ್ಣೆ ಸಾಮಿ."

'ಉಣ್ಣೆ ಉದ್ಯಮಿ' ಎಂದು ಬರೆದುಕೊಂಡ ಗೋವಿಂದಪ್ಪನವರು ಯಜಮಾನರಿಗೆ ನಮಸ್ಕಾರ ಹೇಳಿ ಹೋದರು. ಸೈಟು ಉಳಿಯಿತು.

ಸುದ್ದಿ ಭೀಮಸಮುದ್ರದ ಅಡಿಕೆ ವ್ಯಾಪಾರಿ ಮಾರಣ್ಣನ ಕಿವಿಗೆ ಬಿತ್ತು. ಬೆಲೆ ಏರಲೆಂದು ಅದೇ ಬಡಾವಣೆಯಲ್ಲಿ ಏಳು ಸೈಟು ಹಿಡಿದು ಕೂತಿದ್ದ ದೂರದೃಷ್ಟಿಯ ಮನುಷ್ಯ. ಮೊದಲ ಬಸ್ಸಿಗೇ ಓಡಿ ಬಂದ.

"ಕೆಂಚಕ್ಕ, ನಮ್ ಸೈಟಿಗೂ ಅವ್ರು ಒಂದೊಂದು ದಿನ ಬಂದ್ಹೋಗ್ಲಿ."

"ಮಂದೆ ತರುಬಿದ್ರೆ ಹೊಲದೋರು ರಾಗಿ ಕೊಡ್ತಾರೆ ಕಣಣ್ಣ. ನೀವು ಇಟ್ಗೆ ಕೊಡ್ರಿ."

ಹೀಗೆ ಮಂದೆ ದಿನಕ್ಕೊಂದು ಸೈಟಿನಲ್ಲಿ ಸಂಸಾರ ಹೂಡಿತು. ಗೋವಿಂದಪ್ಪನವರು ಪ್ರತಿ ಸಲವೂ ಹೊಸದಾಗಿ ಎಣಿಸಿದರು. ಐದನೇ ಸೈಟಿನಲ್ಲಿ ಮಾತ್ರ ಕನ್ನಡಕ ಒರೆಸಿಕೊಂಡರು.

"ಈ ಮುಖಗಳನ್ನ ಎಲ್ಲೋ ನೋಡಿದೀನಲ್ಲಮ್ಮ?"

"ಒಂದೇ ಮನೆತನ ಸಾಮಿ. ಹೋಲಿಕೆ ಇರ್ತೈತೆ."

ಅದು ನ್ಯಾಯವೇ. ಎಂಟು ಸೈಟುಗಳಲ್ಲಿ ಮುನ್ನೂರ ಇಪ್ಪತ್ತೆಂಟು ವಾಸಿಗಳಿದ್ದು, ಒಂದೂ ಜಗಳದ ದೂರು ಬಾರದ ಈ ಬಡಾವಣೆ ಜಿಲ್ಲೆಗೇ ಮಾದರಿಯೆಂದು ಸಮಿತಿ ಪ್ರಕಟಿಸಿತು.

ಇಟ್ಟಿಗೆ ಕೂಡಿದವು. ಕೆಂಚಕ್ಕ ಮನೆ ಕಟ್ಟಲು ಲೈಸೆನ್ಸಿಗೆ ಅರ್ಜಿ ಹಾಕಿದಳು. ಉತ್ತರ ಬಂತು: 'ಸದರಿ ಸೈಟಿನಲ್ಲಿ ಈಗಾಗಲೇ ಮನೆಯಿದ್ದು, ಅದನ್ನು ಕೆಡವಲು ಹಾಲಿ ವಾಸಿಗಳ ಲಿಖಿತ ಒಪ್ಪಿಗೆ ಅಗತ್ಯ. ಅನಕ್ಷರಸ್ಥರಾದಲ್ಲಿ ಎಡಗೈ ಹೆಬ್ಬೆಟ್ಟು.'

"ಅಯ್ಯೋ ಶಿವನೇ!" ಅಂದಳು ಕೆಂಚಕ್ಕ. ಇಟ್ಟಿಗೆಯಿದ್ದೂ ಒಲೆ ಹೂಡುವಂತಿಲ್ಲವೆಂದರೆ ಯಾರಿಗೆ ಹೊಟ್ಟೆ ಉರಿಯದು? ಸೆರಗು ಸಿಕ್ಕಿಸಿಕೊಂಡು, ಮಸಿ ಬಟ್ಟಲು ಹಿಡಿದು ನಲವತ್ತೊಂದು ಎಡ ಮುಂಗಾಲುಗಳನ್ನೂ ಕಾಗದಕ್ಕೆ ಒತ್ತಿಸಿದಳು. ಸಮಿತಿ ಕೂಲಂಕಷವಾಗಿ ಪರಿಶೀಲಿಸಿ ಒಂದನ್ನು ವಾಪಸು ಕಳಿಸಿತು. ಇಪ್ಪತ್ತೊಂಬತ್ತನೆಯವರು ಬಲಗಾಲು ಒತ್ತಿದ್ದರು. ತಪ್ಪು ತಪ್ಪೇ. ಮತ್ತೆ ಒತ್ತಿಸಿದಳು.

ಮನೆ ಎದ್ದಿತು. ಗೃಹಪ್ರವೇಶದ ಬೆಳಿಗ್ಗೆ ಗೋವಿಂದಪ್ಪನವರೇ ಬಂದು ಬಾಗಿಲಿಗೆ ಸಮಿತಿಯ ತಗಡು ಹೊಡೆಸಿದರು: 'ನಂ. ೧೭. ಯಜಮಾನರು: ಟಗರಪ್ಪ, ಉಣ್ಣೆ ಉದ್ಯಮಿ. ಆಶ್ರಿತರು: ಕೆಂಚಕ್ಕ.'

"ಏನ್ ಬರ್ದೈತೆ ಸಾಮಿ?"

ಗೋವಿಂದಪ್ಪನವರು ಓದಿ ಹೇಳಿದರು.

"ನನ್ ಹೆಸ್ರೂ ಐತಲ್ಲ, ಬಿಡ್ರಿ!" ಎಂದು ಕೆಂಚಕ್ಕ ಮನಸಾರೆ ನಕ್ಕು ಒಳಗೆ ಓಡಿದಳು. ಅವಳ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಯಜಮಾನರು ಹೊಸ್ತಿಲಲ್ಲಿ ನಿಂತು ತೋರಣದ ಮಾವಿನೆಲೆ ತಿನ್ನುತ್ತಿದ್ದರು. ಅವರ ಮನೆ, ಅವರ ತೋರಣ, ಯಾರೂ ಆಕ್ಷೇಪಿಸಲಿಲ್ಲ.