ಎಲ್ಲದಕ್ಕೂ ಹೊಂದುತ್ತದೆ ಎನ್ನುವ ಹಸಿರು ಗುರುತಿಗೆ

ಮಾನ್ಯ ಹಸಿರು ಗುರುತಿನವರೇ,

ವಾಹನದ ಬಿಡಿಭಾಗ ಮಾರುವ ಜಾಲತಾಣದಲ್ಲಿ, ಒಂದೊಂದು ಭಾಗದ ಚಿತ್ರದ ಪಕ್ಕದಲ್ಲೂ ನಿಂತು ‘ಇದು ನಿಮ್ಮ ಗಾಡಿಗೆ ಹೊಂದುತ್ತದೆ’ ಎಂದು ಬಿಡುವಿಲ್ಲದೆ ಸಾರುತ್ತಿರುವ ತಮಗೆ ನನ್ನ, ನನ್ನ ಹೆಂಡತಿಯ, ಹಾಗೂ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಪಕ್ಕದ ಕೋಣೆಯಲ್ಲಿ ಮಲಗಿರುವ ನನ್ನ ಭಾವಮೈದನ ಗೌರವಪೂರ್ವಕ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಅಲುಗಾಡದೆ ಒಂದೇ ಕಡೆ ನಿಂತಿರುವವರ ಕ್ಷೇಮಕ್ಕೆ ಏನು ಕೊರತೆ. ನಮ್ಮ ಸ್ಥಿತಿ ಹಾಗಿಲ್ಲದ ಕಾರಣ, ಮತ್ತು ತಮ್ಮ ವಿಳಾಸ ಯಾರಿಗೂ ಗೊತ್ತಿಲ್ಲದ ಕಾರಣ, ಈ ದೂರನ್ನು ಬಹಿರಂಗವಾಗಿಯೇ ಬರೆಯಬೇಕಾಗಿ ಬಂದಿದೆ.

ವಿಷಯಕ್ಕೆ ಬರುತ್ತೇನೆ. ನನ್ನ ಅತ್ತೆಯವರು ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಉಷ್ಣತೆ, ಒತ್ತಡ, ಗಾಳಿ, ಮಳೆ ಇಷ್ಟನ್ನೂ ಅಳೆದು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸವಾಗಿತ್ತು. ಕಳೆದ ತಿಂಗಳ ಕೊನೆಯ ದಿನ ಆ ಪುಸ್ತಕವನ್ನು ಮುಚ್ಚಿ, ಮರುದಿನದಿಂದ ಆ ಕೆಲಸವನ್ನೆಲ್ಲ ಒಂದು ಯಂತ್ರಕ್ಕೆ ಒಪ್ಪಿಸುವುದೆಂದು ಇಲಾಖೆ ತೀರ್ಮಾನಿಸಿ, ಕೊನೆಯ ಅಳತೆಯನ್ನು ತಾವೇ ಬಂದು ಬರೆಯಬೇಕೆಂದು ಅತ್ತೆಯವರಿಗೆ ಪತ್ರ ಕಳಿಸಿತು. ಅವರು ಯಾರಲ್ಲೂ ಏನನ್ನೂ ಕೇಳುವವರಲ್ಲ. ಪತ್ರವನ್ನು ಎರಡು ಸಲ ಓದಿ, ಮಡಚಿ, ‘ಒಂದ್ಸಲ ಹೋಗಿ ಬರ್ಬೇಕಿತ್ತು’ ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡರು. ಬೆಟ್ಟದ ರಸ್ತೆ ಎರಡು ವರ್ಷದ ಹಿಂದೆ ಕುಸಿದು, ನಮ್ಮ ಎಂಟು ಸೀಟಿನ ಹಳೆಯ ಗಾಡಿಯ ಹೊಟ್ಟೆ ಮೊದಲ ತಿರುವಿನಲ್ಲೇ ಬಂಡೆಗೆ ತಾಗುವ ಹಾಗಾಗಿದೆ. ಗಾಡಿಯನ್ನು ನಾಲ್ಕಿಂಚು ಎತ್ತರಿಸಿ ಅವರನ್ನು ಮೇಲೆ ಮುಟ್ಟಿಸುವ ಜವಾಬ್ದಾರಿ ನನ್ನದೆಂದು ನಾನು ಎದೆ ತಟ್ಟಿಕೊಂಡೆ. ಮದುವೆಯಾದ ಹನ್ನೆರಡು ವರ್ಷದಲ್ಲಿ ಅತ್ತೆಯವರ ಮುಂದೆ ಸ್ವಂತ ಕೈಯಿಂದ ಏನಾದರೂ ಮಾಡಿ ತೋರಿಸುವ ಅವಕಾಶ ಅದಾಗಿತ್ತು. ಹಿಂದೊಮ್ಮೆ ನಾನು ಗೋಡೆಗೆ ಮೊಳೆ ಹೊಡೆದು ಕೂರಿಸಿದ ಪುಸ್ತಕದ ಕಪಾಟಿನ ಪ್ರಸ್ತಾಪ ಇಲ್ಲಿ ಬೇಡ.

ಹೇಗೂ ಗಾಡಿ ಬಿಚ್ಚುವುದಿದೆಯಲ್ಲ ಎಂದು ಮೊದಲು ಎಂಜಿನ್ ಮೌಂಟ್ ಹುಡುಕಿದೆ. ತಿಳಿಯದವರಿಗಾಗಿ ಹೇಳುವುದಾದರೆ, ಎಂಜಿನ್ ಗಾಡಿಯ ಚೌಕಟ್ಟಿನ ಮೇಲೆ ನೇರವಾಗಿ ಕೂರುವುದಿಲ್ಲ. ನಡುವೆ ಅಂಗೈಯಗಲದ ರಬ್ಬರಿನ ಗಟ್ಟಿಗಳಿರುತ್ತವೆ, ಎಂಜಿನ್ನಿನ ನಡುಕವನ್ನೆಲ್ಲ ನುಂಗಿಕೊಂಡು ಸುಮ್ಮನಿರುವುದು ಅವುಗಳ ಕೆಲಸ. ನಮ್ಮವು ಹನ್ನೊಂದು ವರ್ಷ ನುಂಗಿ ನುಂಗಿ ಬಿರುಕು ಬಿಟ್ಟಿದ್ದವು. ತಾವು ಮೂರು ಬಗೆ ತೋರಿಸಿದಿರಿ: ಮಾಮೂಲಿ ರಬ್ಬರು, ಅದಕ್ಕಿಂತ ಗಟ್ಟಿ, ಮತ್ತು ಉಗುರು ಊರಿದರೆ ಉಗುರೇ ಮುರಿಯುವಂಥದ್ದು. ನಮಗೆ ಯಾವುದು ಹೊಂದುತ್ತದೆಂದು ನೋಡಿದರೆ ಮೂರರ ಪಕ್ಕದಲ್ಲೂ ತಾವೇ ನಗುನಗುತ್ತಾ ನಿಂತಿದ್ದಿರಿ. ಯಾರ ಮನಸ್ಸನ್ನೂ ನೋಯಿಸದ ಈ ಗುಣ ನಮ್ಮ ಸಂಬಂಧಿಕರಲ್ಲಿ ಒಬ್ಬರಿಗೂ ಇಲ್ಲ. ಮೂರನೆಯದರ ಕೆಳಗೆ ‘ಎಂಜಿನ್ ಒಂದಿಷ್ಟೂ ಅಲುಗದು’ ಎಂದು ಬರೆದಿದ್ದನ್ನು ಓದಿ ಅದನ್ನೇ ತರಿಸಿದೆ. ಮಾತಿಗೆ ತಪ್ಪಲಿಲ್ಲ ತಾವು. ಎಂಜಿನ್ ಅಲುಗಲಿಲ್ಲ, ಉಳಿದದ್ದೆಲ್ಲ ಅಲುಗಿತು.

ಇನ್ನು ಗಾಡಿಯನ್ನು ಎತ್ತರಿಸುವ ಸ್ಪ್ರಿಂಗಿನ ವಿಚಾರ. ಇಲ್ಲಿ ತಪ್ಪು ಪೂರ್ತಿ ತಮ್ಮದೆಂದು ಹೇಳಿದರೆ ನಾಲಿಗೆ ಬಿದ್ದುಹೋದೀತು. ಗಾಡಿ ಸದಾ ಹೊರುವ ಭಾರವೆಷ್ಟು ಎಂದು ತಾವು ಕೇಳಿದಿರಿ. ಭಾರ ಕಡಿಮೆಯಿದ್ದರೆ ಮೆತ್ತನೆಯ ಸ್ಪ್ರಿಂಗು, ಹೆಚ್ಚಿದ್ದರೆ ಬಿರುಸಿನದು. ನ್ಯಾಯವಾದ ಪ್ರಶ್ನೆ, ಆದರೆ ನಮ್ಮ ಮನೆಯಲ್ಲಿ ಕೇಳಬಾರದ ಪ್ರಶ್ನೆ. ಅತ್ತೆಯವರ ಕೈಯಲ್ಲಿ ಪಳಗಿದ ಈ ಮನೆಯಲ್ಲಿ ಯಾವ ಅಳತೆಯನ್ನೂ ಇದ್ದ ಹಾಗೆ ನಂಬುವ ಪದ್ಧತಿಯಿಲ್ಲ. ಉಪಕರಣ ತೋರಿಸಿದ್ದಕ್ಕೆ ತಿದ್ದುಪಡಿ ಸೇರಿಸಿಯೇ ಬರೆಯಬೇಕು. ನಮ್ಮ ಗೋಡೆ ಗಡಿಯಾರ ಏಳು ನಿಮಿಷ ಹಿಂದಿದೆ, ಅದನ್ನು ಯಾರೂ ಸರಿಮಾಡುವುದಿಲ್ಲ, ನೋಡುವಾಗ ಏಳು ಕೂಡಿಸಿಕೊಳ್ಳುತ್ತಾರೆ. ಎಲ್ಲರೂ ಅವರವರ ತೂಕ ಬರೆಯಲೆಂದು ಊಟದ ಮೇಜಿನ ಮೇಲೆ ನಾನು ಒಂದು ಚೀಟಿ ಇಟ್ಟೆ. ತನ್ನ ತಮ್ಮ ಕಡಿಮೆ ಬರೆದಿದ್ದಾನೆಂದು ನನ್ನ ಹೆಂಡತಿ ಗುಟ್ಟಾಗಿ ಹತ್ತು ಕಿಲೋ ಸೇರಿಸಿದಳು. ಅಕ್ಕ ಕಡಿಮೆ ಬರೆದಿದ್ದಾಳೆಂದು ಭಾವಮೈದ ಹದಿನೈದು ಸೇರಿಸಿದ. ಬಚ್ಚಲುಮನೆಯ ತೂಕದ ಯಂತ್ರ ತೇವಕ್ಕೆ ಕಡಿಮೆ ತೋರಿಸುತ್ತದೆಂದು ಅತ್ತೆಯವರು ಎಲ್ಲರಿಗೂ ಸಮನಾಗಿ ತಿದ್ದುಪಡಿ ಹಾಕಿದರು. ಇವರೆಲ್ಲ ಮುಚ್ಚಿಡುವ ಪೈಕಿಯೆಂದು ನಾನು ಒಟ್ಟು ಮೊತ್ತದ ಮೇಲೆ ಇನ್ನೊಂದಿಷ್ಟು ಏರಿಸಿದೆ. ಯಾರೂ ಯಾರಿಗೂ ಹೇಳಲಿಲ್ಲ. ನಾಲ್ಕು ಜನರ ಮನೆ ಕಾಗದದ ಮೇಲೆ ಎಂಟು ಜನರ ತೂಕ ತೂಗಿತು. ತಾವು ಕಣ್ಣು ಮಿಟುಕಿಸದೆ ಕಲ್ಲು ಸಾಗಿಸುವ ಗಾಡಿಯ ಸ್ಪ್ರಿಂಗನ್ನು ತೋರಿಸಿ, ಹೊಂದುತ್ತದೆ ಎಂದಿರಿ.

ನಮ್ಮ ಬೀದಿಯ ತಿರುವಿನಲ್ಲಿ ಒಬ್ಬರು ಮೇಸ್ತ್ರಿಯಿದ್ದಾರೆ. ಬಾನೆಟ್ ಎತ್ತುವ ಮೊದಲೇ ಸದ್ದು ಕೇಳಿ ಕಾಯಿಲೆ ಹೇಳುವುದರಿಂದ ಎಲ್ಲರೂ ಅವರನ್ನು ಕಿವಿ ಮೇಸ್ತ್ರಿ ಎನ್ನುತ್ತಾರೆ. ನಾನು ಹೊತ್ತು ತಂದ ಪೆಟ್ಟಿಗೆಗಳನ್ನು ನೋಡಿ ಅವರು, ‘ನೀವು ತಂದಿದ್ದೀರಿ, ನಾನು ಹಾಕ್ತೀನಿ’ ಎಂದರು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಎರಡು ದಿನದ ಮೇಲೆ ಗಾಡಿ ಹೊರಬಂತು. ಕುಗ್ಗಲು ಸಾಕಷ್ಟು ಭಾರ ಸಿಗದ ಸ್ಪ್ರಿಂಗು ಅದನ್ನು ನಾಲ್ಕರ ಬದಲು ಆರಿಂಚು ಎತ್ತಿ ನಿಲ್ಲಿಸಿತ್ತು. ಒಂದು ಸುತ್ತು ಹೋಗಿ ನೋಡೋಣವೆಂದು ಅಡುಗೆಮನೆಯ ಸ್ಟೂಲು ಹಾಕಿ ಅತ್ತೆಯವರನ್ನು ಹತ್ತಿಸಿದೆವು. ಎಂಜಿನ್ ಚಾಲೂ ಮಾಡಿದೊಡನೆ ಸೀಟು, ಬಾಗಿಲು, ನಮ್ಮ ಹಲ್ಲು ಎಲ್ಲವೂ ಒಂದೇ ತಾಳದಲ್ಲಿ ನಡುಗತೊಡಗಿದವು. ಹಿಂದೆ ಬರುತ್ತಿದ್ದ ಒಂದು ಲಾರಿ ಕನ್ನಡಿಯಲ್ಲಿ ನಾಲ್ಕಾಗಿ ಕಂಡಿತು. ರಸ್ತೆಯ ಮೊದಲ ಉಬ್ಬಿನಲ್ಲೇ ಹಿಂದಿನ ಸೀಟಿನ ಭಾವಮೈದ ಚಾವಣಿ ಮುಟ್ಟಿ ಬಂದು ಕೂತ. ಅವನ ಸೊಂಟದ ಪಟ್ಟಿಯ ಇತಿಹಾಸ ಇಷ್ಟು.

ಮನೆಗೆ ಬಂದ ಮೇಲೆ ಅತ್ತೆಯವರು ಒಂದು ಕಟುಮಾತೂ ಆಡಲಿಲ್ಲ. ‘ಬಿಡಿ ಅಳಿಯಂದ್ರೇ, ಪುಸ್ತಕದ ಫೋಟೋ ಕಳಿಸಿ ಅಂತ ಹೇಳಿದ್ರಾಯ್ತು’ ಎಂದು ಇಲಾಖೆಯ ಪತ್ರವನ್ನು ಡ್ರಾಯರಿನ ಒಳಗಿಟ್ಟರು. ಮಾನ್ಯರೇ, ನನಗೆ ಸಂಕಟವಾಯಿತು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಿಂಗಳ ಕೊನೆಗೆ ಉಳಿದಿದ್ದದ್ದು ಐದೇ ದಿನ, ಬೇರೆ ಸ್ಪ್ರಿಂಗು ಬರಲು ಹತ್ತು ದಿನವೆಂದು ತಾವೇ ಹಸಿರು ಅಕ್ಷರದಲ್ಲಿ ತಿಳಿಸಿದ್ದಿರಿ.

ಇಷ್ಟಾದರೂ ತಮ್ಮ ಆತ್ಮವಿಶ್ವಾಸದ ಬಗ್ಗೆ ನನಗಿರುವ ಗೌರವ ಕುಗ್ಗಿಲ್ಲ. ಆದ್ದರಿಂದ ಕೆಲವು ಸಣ್ಣ ವಿನಂತಿಗಳಿವೆ. ತಾವು ಒಮ್ಮೆ ಬಿಡುವು ಮಾಡಿಕೊಂಡು ಬಂದು ನಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು, ಮೂರು ಉಬ್ಬು ದಾಟಿದ ಮೇಲೂ ಬಣ್ಣ ಬದಲಾಯಿಸದೆ ಉಳಿಯಬೇಕು. ಮನೆಯಲ್ಲಿ ನಾನು ಆಡುವ ಪ್ರತಿ ಮಾತಿನ ಪಕ್ಕದಲ್ಲಿ, ಮುಖ್ಯವಾಗಿ ನನ್ನ ಹೆಂಡತಿ ಕೇಳಿಸಿಕೊಳ್ಳುತ್ತಿರುವಾಗ, ತಾವು ಪ್ರತ್ಯಕ್ಷರಾಗಬೇಕು. ಸಾಧ್ಯವಾದರೆ ವರ್ಷಕ್ಕೊಂದು ಸಲವಾದರೂ ಯಾವುದಾದರೂ ಒಂದು ಭಾಗದ ಪಕ್ಕದಿಂದ ಸರಿದು ನಿಂತು, ‘ನನಗೂ ಗೊತ್ತಿಲ್ಲಪ್ಪ’ ಎಂದು ಒಪ್ಪಿಕೊಳ್ಳಬೇಕು.

ಮುಂದಿನ ಕಥೆಯನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ಮರುದಿನ ಕಿವಿ ಮೇಸ್ತ್ರಿ ತಾವು ಕಳಿಸಿದ ಕಲ್ಲಿನಂಥ ಗಟ್ಟಿಗಳನ್ನು ಬಿಚ್ಚಿ, ಅವರದೇ ಅಂಗಡಿಯ ಮೂಲೆಯಲ್ಲಿದ್ದ ಮಾಮೂಲಿ ರಬ್ಬರಿನ ಮೌಂಟ್ ಕೂರಿಸಿದರು. ಕನ್ನಡಿಯಲ್ಲಿ ಲಾರಿ ಮತ್ತೆ ಒಂದಾಯಿತು. ಆಮೇಲೆ ಸ್ಪ್ರಿಂಗನ್ನು ಎರಡು ಸಲ ಒತ್ತಿ ನೋಡಿ, ‘ಸಾರ್, ಇದು ಒಳ್ಳೇ ಮಾಲೇ. ಇದಕ್ಕೆ ಜನ ಸಾಲ್ದು, ಅಷ್ಟೇ’ ಎಂದರು. ಈ ಸುದ್ದಿಯನ್ನು ತಲೆ ತಗ್ಗಿಸಿಕೊಂಡು ಅತ್ತೆಯವರಿಗೆ ತಿಳಿಸಿದೆ. ಅವರು ‘ಜನ ತಾನೆ?’ ಎಂದು ಫೋನಿನ ಹತ್ತಿರ ಹೋದರು. ಅವರ ಕಾಲದ ವೈರ್‌ಲೆಸ್ ಆಪರೇಟರು, ಅಡುಗೆಯಾಕೆ, ಕಾವಲುಗಾರ, ಮೂವರೂ ಮೇಲೆ ಹೋಗಲು ದಾರಿಯಿಲ್ಲದೆ ಇದೇ ಊರಿನಲ್ಲಿ ಕೂತಿದ್ದರು. ಇದು ಮನೆಯವರಷ್ಟೇ ಹೋಗುವ ಪ್ರಯಾಣವೆಂದುಕೊಂಡು ಅತ್ತೆಯವರು ಅವರ ಹೆಸರನ್ನೇ ಎತ್ತಿರಲಿಲ್ಲ. ಕೊನೆಯ ದಿನ ಬೆಳಿಗ್ಗೆ ನಮ್ಮ ನಾಲ್ವರ ಹಾಗೂ ಆ ಮೂವರ ಜೊತೆಗೆ, ದಾರಿಯಲ್ಲಿ ಗಾಡಿ ಕೈಕೊಟ್ಟು ಅಂಗಡಿಯ ಹೆಸರು ಕೆಡುವುದು ಬೇಡವೆಂದು, ಮೇಸ್ತ್ರಿಯವರೂ ಕಬ್ಬಿಣದ ಸಾಮಾನಿನ ಪೆಟ್ಟಿಗೆ ಸಮೇತ ಹತ್ತಿದರು. ಗಾಡಿ ತೃಪ್ತಿಯಿಂದೆಂಬಂತೆ ಕುಗ್ಗಿ ಕೂತಿತು. ಬಂಡೆಗಳ ಮೇಲೆ ಅದು ಹೋದ ನಯಕ್ಕೆ ಆಪರೇಟರು ಎರಡನೆಯ ತಿರುವಿನಲ್ಲೇ ನಿದ್ದೆ ಹೋದರು. ಹಳೆಯ ಜಗಳಗಳನ್ನೆಲ್ಲ ಉಳಿದವರು ದಾರಿಯುದ್ದಕ್ಕೂ ಹೊಸದಾಗಿ ಆಡಿಕೊಂಡರು.

ಒಂಬತ್ತಕ್ಕೆ ಆರು ನಿಮಿಷವಿರುವಾಗ ಮೇಲೆ ಮುಟ್ಟಿದೆವು. ಅತ್ತೆಯವರು ನನ್ನ ಭುಜ ಹಿಡಿದು ಇಳಿದು, ನೇರವಾಗಿ ಉಪಕರಣಗಳಿರುವ ಬಿಳಿ ಪೆಟ್ಟಿಗೆಯತ್ತ ನಡೆದು, ಬಾಗಿಲು ತೆರೆದು, ಯಾರ ಸಹಾಯವೂ ಇಲ್ಲದೆ ಓದಿದರು. ಪುಸ್ತಕದ ಕೊನೆಯ ಸಾಲನ್ನು ನಿಧಾನವಾಗಿ ತುಂಬಿದರು. ಷರಾ ಕಾಲಮಿನ ಮುಂದೆ ಪೆನ್ನು ತುಸು ಹೊತ್ತು ನಿಂತಿತು. ಅವರು ಬರೆದು ಮುಗಿಸಿ ಸಹಿ ಹಾಕಿದ ಮೇಲೆ ನಾನು ಬಗ್ಗಿ ಓದಿದೆ: ‘ಆಕಾಶ ಶುಭ್ರ. ಗಾಳಿ ಹಗುರ. ರಸ್ತೆ ಬಹಳ ಕೆಟ್ಟಿದೆ. ಅಳಿಯ ಪರವಾಗಿಲ್ಲ.’

ಮಾನ್ಯರೇ, ಅದು ಸರ್ಕಾರಿ ದಾಖಲೆ. ಅಳಿಸುವಂತಿಲ್ಲ. ದೂರನ್ನು ಹಿಂತೆಗೆದುಕೊಳ್ಳಬೇಕೋ ಮುಂದುವರಿಸಬೇಕೋ ತೋಚದೆ, ಎರಡನ್ನೂ ಈ ಮೂಲಕ ತಮ್ಮ ಗಮನಕ್ಕೆ ತಂದಿದ್ದೇನೆ.

ತಮ್ಮ ವಿಶ್ವಾಸಿ,
ಎತ್ತರಿಸಿದ ಗಾಡಿಯ ಮಾಲೀಕ ಹಾಗೂ ಪರವಾಗಿಲ್ಲದ ಅಳಿಯ

ಮರೆತ ಮಾತು: ಈ ಪತ್ರಕ್ಕೆ ಸಹಿ ಹಾಕುತ್ತಿರುವಾಗಲೇ ತಮ್ಮ ಸಂದೇಶ ಬಂತು. ಹಿರಿಯರು ಗಾಡಿ ಹತ್ತಲು ಅನುಕೂಲವಾಗುವ ಪಕ್ಕದ ಮೆಟ್ಟಿಲು, ‘ನಿಮ್ಮ ಗಾಡಿಗೆ ಹೊಂದುತ್ತದೆ’ ಎಂದು ಎಂದಿನ ನಗುವಿನೊಡನೆ ತಿಳಿಸಿದ್ದೀರಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಎತ್ತರಿಸದ ಗಾಡಿಗಳಿಗೆ ಮಾತ್ರ’ ಎಂದಿದೆ. ತಮ್ಮ ಕಾಳಜಿಗೆ ಕೃತಜ್ಞ. ನಮ್ಮ ಸ್ಟೂಲು ಸದ್ಯಕ್ಕೆ ಗಟ್ಟಿಯಾಗಿದೆ, ಅದನ್ನು ಕೊಳ್ಳುವಾಗ ತಾವು ಪಕ್ಕದಲ್ಲಿರಲಿಲ್ಲ.